ಕೊಡಚಾದ್ರಿಗೆ ಗ್ರ್ಯಾಂಡಾಲಾ ಬಂದಿಲ್ಲ

ಬೋಳು ಮರದ ತುಂಬ ನೀಲಿ ಹಕ್ಕಿಗಳು, ಕೆಳಗೆ ‘ಕೊಡಚಾದ್ರಿಯ ಅಪರೂಪದ ದೃಶ್ಯ’ ಅಂತ ಒಂದು ಸಾಲು. ವಾಟ್ಸಾಪಿನಲ್ಲಿ ಓಡಾಡುವ ಈ ವಿಡಿಯೊದಲ್ಲಿ ಹಕ್ಕಿ ನಿಜ, ಜಾಗ ಸುಳ್ಳು. ಅದು ಗ್ರ್ಯಾಂಡಾಲಾ. ಗಂಡಿಗೆ ಮಾತ್ರ ಆ ನೀಲಿ, ಹೆಣ್ಣು ಕಂದು. ಹಿಮಾಲಯದಲ್ಲಿ ಮರಗಳೇ ಬೆಳೆಯದಷ್ಟು ಮೇಲೆ, ಸುಮಾರು 4,000 ಮೀಟರ್ ಎತ್ತರದ ಕಲ್ಲು ಇಳಿಜಾರುಗಳಲ್ಲಿ ಮರಿ ಮಾಡುತ್ತದೆ. ಚಳಿಗಾಲದಲ್ಲಿ ಕೊಂಚ ಕೆಳಗಿಳಿದು, ನೂರಾರು ಒಟ್ಟಿಗೆ ಹಣ್ಣಿನ ಗಿಡಗಳಿಗೆ ಮುತ್ತುತ್ತವೆ. ಮಲೆನಾಡಿನವರೆಗೆ ಬರುವುದಿಲ್ಲ. ನಮ್ಮ ಕೊಡಚಾದ್ರಿ ಇರುವುದೇ 1,343 ಮೀಟರ್ ಅಲ್ವಾ?

ಇಲ್ಲಿನ ಹಳ್ಳಗಳ ಬದಿ ಬೆಳಗಿನ ಜಾವ ಸಿಳ್ಳೆ ಹಾಕುವ ಮಲಬಾರ್ ವಿಸ್ಲಿಂಗ್ ಥ್ರಶ್ ಬೇರೆಯೇ ಹಕ್ಕಿ. ಕಪ್ಪು ಮೈ, ಹಣೆ ಮತ್ತು ಹೆಗಲಲ್ಲಷ್ಟೇ ಹೊಳೆಯುವ ನೀಲಿ. ಗ್ರ್ಯಾಂಡಾಲಾ ಥ್ರಶ್ ಕುಟುಂಬದ್ದು. ಹೆಸರಲ್ಲಿ ಥ್ರಶ್ ಇದ್ದರೂ ನಮ್ಮ ಮಲಬಾರ್ ಹಕ್ಕಿಯನ್ನು ಈಗ ನೊಣಹಿಡುಕಗಳ ಕುಟುಂಬಕ್ಕೆ ಸೇರಿಸಿದ್ದಾರೆ. ನನಗಂತೂ ಇದೇ ಜಾಸ್ತಿ ಇಷ್ಟ. ವರ್ಷವಿಡೀ ಇಲ್ಲೇ ಇರುತ್ತದೆ.