ಬೆಂಕಿಗೂ ಒಂದು ಜಂಟಿ ಸರ್ವೆ

ಚಿತ್ರದುರ್ಗದ ಆಡಳಿತಕ್ಕೆ ಮುಂಚಿತವಾಗಿ ತಯಾರಿ ಮಾಡಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸುಮ್ನೆ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಗೆ ಹೋಗಿ ನೋಡಿ ಬನ್ನಿ. ಸಾಮಾನ್ಯವಾಗಿ ಮಾರ್ಚ್‌ನಲ್ಲಿ ತೇರು. ಅದಕ್ಕೆ ಎಷ್ಟೋ ದಿನ ಮೊದಲೇ ಸಭೆ. ಕುಡಿಯುವ ನೀರು ಯಾರದು, ಬಸ್ಸು ಎಲ್ಲಿ ನಿಲ್ಲಬೇಕು, ಆಂಬುಲೆನ್ಸ್ ಯಾವ ಮೂಲೆಯಲ್ಲಿರಬೇಕು, ತೇರಿನ ಗಾಲಿ ಯಾರು ನೋಡಿಕೊಳ್ಳಬೇಕು, ಒಂದೊಂದಕ್ಕೂ ಒಬ್ಬೊಬ್ಬರು. ಭಕ್ತರು ರಾಶಿ ರಾಶಿ ಒಣ ಕೊಬ್ಬರಿ ಸುಡುತ್ತಾರೆ. ಅಷ್ಟು ಜನರ ಮಧ್ಯೆ ಅಷ್ಟು ಬೆಂಕಿ ಉರಿದರೂ ತಿಪ್ಪೇಸ್ವಾಮಿ ದಯೆ, ಪೊಲೀಸರ ಲಾಠಿ ಎರಡೂ ಸೇರಿ ಜನ ಕ್ಷೇಮವಾಗಿ ಮನೆ ಸೇರುತ್ತಾರೆ.

ಅದೇ ಬೇಸಿಗೆಯಲ್ಲಿ, ಅದೇ ಜಿಲ್ಲೆಯಲ್ಲಿ, ಜೋಗಿಮಟ್ಟಿ ಗುಡ್ಡಕ್ಕೆ ಬೆಂಕಿ ಬಿದ್ದರೆ ಮಾತ್ರ ಎಲ್ಲರಿಗೂ ಆಶ್ಚರ್ಯ. ‘ಆಕಸ್ಮಿಕ’ ಎಂಬ ಹೇಳಿಕೆ ಬರುತ್ತದೆ. ಜಾತ್ರೆಗಾದರೂ ಪಂಚಾಂಗ ತೆಗೆದು ದಿನ ಹುಡುಕಬೇಕು. ಬೆಂಕಿಗೆ ಅದೂ ಬೇಡ. ಮಳೆಗಾಲದಲ್ಲಿ ಬಾದೆ ಹುಲ್ಲು ಆಳೆತ್ತರ ಬೆಳೆಯುತ್ತದೆ. ಸಂಕ್ರಾಂತಿ ಹೊತ್ತಿಗೆ ಒಣಗುತ್ತದೆ. ಶಿವರಾತ್ರಿ ಹೊತ್ತಿಗೆ ಮರಗಳು ಎಲೆ ಉದುರಿಸಿ ಹಾಸಿಗೆ ಹಾಕಿಕೊಡುತ್ತವೆ. ಇನ್ನು ಬೇಕಾಗಿರುವುದು ಒಂದು ಬೀಡಿ ತುಂಡು, ಸ್ವಲ್ಪ ಗಾಳಿ.

ಗಾಳಿಯ ವಿಷಯದಲ್ಲಂತೂ ಸರ್ಕಾರಕ್ಕೆ ಯಾವ ಅನುಮಾನವೂ ಇಲ್ಲ. ದುರ್ಗದ ಸುತ್ತಲಿನ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳನ್ನು ನೆಟ್ಟಿರುವುದು ಗಾಳಿಯನ್ನು ಅಳೆದು, ಲೆಕ್ಕ ಹಾಕಿದ ಮೇಲೆಯೇ. ಯಾವ ಗುಡ್ಡದ ಮೇಲೆ ಯಾವ ತಿಂಗಳು ಎಷ್ಟು ಜೋರು ಎಂಬುದೆಲ್ಲ ಕಡತದಲ್ಲಿದೆ. ಆದರೆ ಅದು ಕರೆಂಟಿನ ಕಡತ. ಬೆಂಕಿಯ ಕಡತ ಬೇರೆ ಕೊಠಡಿಯಲ್ಲಿದೆ, ಆ ಕೊಠಡಿಯ ಬೀಗದ ಕೈ ಇರುವವರು ಟ್ರೇನಿಂಗ್‌ಗೆ ಹೋಗಿದ್ದಾರೆ.

ಬೆಂಕಿ ತಡೆಯುವ ಉಪಾಯ ಹೊಸದೇನಲ್ಲ. ಬೆಂಕಿ ರೇಖೆ ಅನ್ನುತ್ತಾರೆ. ಕಾಡಿನ ಅಂಚಿನಲ್ಲಿ, ದಾರಿಯ ಪಕ್ಕದಲ್ಲಿ ಒಂದು ಪಟ್ಟಿಯಷ್ಟು ಜಾಗದ ಹುಲ್ಲನ್ನು ಕೊಯ್ದು, ಚಳಿಗಾಲ ಮುಗಿಯುವ ಮೊದಲೇ ಕಾವಲಿದ್ದು ಸುಟ್ಟುಬಿಡುವುದು. ಆಮೇಲೆ ಬೆಂಕಿ ಅಲ್ಲಿಗೆ ಬಂದರೆ ತಿನ್ನಲು ಏನೂ ಇರುವುದಿಲ್ಲ, ಅಲ್ಲೇ ಸಾಯುತ್ತದೆ. ಕುಡುಗೋಲು, ಸಲಿಕೆ, ಕೂಲಿ ಇದ್ದರೆ ಆಯಿತು. ತೊಂದರೆ ಇರುವುದು ಕಾಲದ ಲೆಕ್ಕದಲ್ಲಿ. ಹುಲ್ಲಿನ ವರ್ಷ ಮಳೆಯಿಂದ ಶುರುವಾಗುತ್ತದೆ, ಸರ್ಕಾರದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಹುಲ್ಲು ಜನವರಿಯಲ್ಲಿ ಒಣಗಿದರೆ ಅನುದಾನ ಮಾರ್ಚ್‌ನಲ್ಲಿ ಚಿಗುರುತ್ತದೆ. ಅಷ್ಟರಲ್ಲಿ ಗುಡ್ಡ ಕರಿಯಾಗಿರುತ್ತದೆ. ಒಂದು ರೀತಿಯಲ್ಲಿ ಇದು ಅನುಕೂಲವೇ. ಸುಟ್ಟ ಗುಡ್ಡದಲ್ಲಿ ಬೆಂಕಿ ರೇಖೆ ಮಾಡುವುದು ಬಹಳ ಸುಲಭ, ಕೊಯ್ಯಲು ಹುಲ್ಲೇ ಇರುವುದಿಲ್ಲ. ಬಿಲ್ಲು ಮಾತ್ರ ಇರುತ್ತದೆ.

‘ಮಾಡಿದಷ್ಟು ನೀಡು ಭಿಕ್ಷೆ’ ಎಂದ ತಿಪ್ಪೇರುದ್ರಸ್ವಾಮಿಗಳು ನಮ್ಮ ಜಿಲ್ಲೆಯವರೇ. ಕೆರೆ ಕಟ್ಟಿಸುವಾಗ ಎಷ್ಟು ಕೆಲಸವೋ ಅಷ್ಟು ಕೂಲಿ ಎಂದು ಲೆಕ್ಕ ಹಾಕಿದವರು. ಆ ಮಾತು ನಮ್ಮಲ್ಲಿ ಲಾರಿಗಳ ಹಿಂದೆ, ಅಂಗಡಿಗಳ ಗೋಡೆಯ ಮೇಲೆ ಧಾರಾಳವಾಗಿ ಕಾಣುತ್ತದೆ. ಬೆಂಕಿ ರೇಖೆಯ ಬಿಲ್ಲಿನ ಮೇಲೆ ಅದನ್ನು ಅಚ್ಚು ಹಾಕಿಸುವ ಧೈರ್ಯ ಮಾತ್ರ ಯಾರಿಗೂ ಇದ್ದಂತಿಲ್ಲ.

ತಂತ್ರಜ್ಞಾನ ಇಲ್ಲವೇ ಎಂದು ನೀವು ಕೇಳಬಹುದು. ಇದೆ, ಬೇಕಾದಷ್ಟಿದೆ. ಆಕಾಶದಲ್ಲಿ ಉಪಗ್ರಹ ನಮ್ಮ ಗುಡ್ಡದ ಮೇಲೆ ಹಾದು ಹೋಗುವಾಗ ಬೆಂಕಿಯ ಕಾವನ್ನು ಗುರುತಿಸುತ್ತದೆ. ಡೆಹ್ರಾಡೂನ್‌ನಲ್ಲಿರುವ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಆ ಮಾಹಿತಿಯನ್ನು ಅರಣ್ಯ ಸಿಬ್ಬಂದಿಯ ಮೊಬೈಲಿಗೆ ಎಸ್ಸೆಮ್ಮೆಸ್ ಮಾಡುತ್ತದೆ. 375 ಮೀಟರ್ ಚೌಕದೊಳಗೆ ಎಲ್ಲಿ ಉರಿಯುತ್ತಿದೆ ಎಂದು ಅಕ್ಷಾಂಶ, ರೇಖಾಂಶ ಸಮೇತ ಹೇಳುತ್ತದೆ. ಡೆಹ್ರಾಡೂನ್‌ನಿಂದ ದುರ್ಗಕ್ಕೆ ಸುದ್ದಿ ಬಂತು. ದುರ್ಗದಿಂದ ಗುಡ್ಡಕ್ಕೆ ಜೀಪು ಹೋಗಬೇಕಲ್ಲ? ಡೀಸೆಲ್‌ಗೆ ಇನ್ನೂ ಉಪಗ್ರಹ ಬಿಟ್ಟಿಲ್ಲ.

ಎಲ್ಲಕ್ಕಿಂತ ರುಚಿಯಾದ ಭಾಗ ಗಡಿಯದು. ನಮ್ಮ ನಾಡಿನ ನೆಲದಲ್ಲಿ ಮೀಸಲು ಅರಣ್ಯ ಇದೆ, ಡೀಮ್ಡ್ ಅರಣ್ಯ ಇದೆ, ಕಂದಾಯ ಭೂಮಿ ಇದೆ, ಗೋಮಾಳ ಇದೆ, ಪಟ್ಟಾ ಜಮೀನಿದೆ, ಲೀಸಿಗೆ ಕೊಟ್ಟ ಗುಡ್ಡವೂ ಇದೆ. ಮನುಷ್ಯರಿಗೇ ಇವು ಗೊತ್ತಾಗುವುದಿಲ್ಲ, ಇನ್ನು ಬೆಂಕಿ ಓದು ಬರಹ ಕಲಿತದ್ದಲ್ಲ. ಗುಡ್ಡದ ಬುಡದ ಹಟ್ಟಿಯಿಂದ ಒಬ್ಬರು ಅರಣ್ಯ ಇಲಾಖೆಗೆ ಫೋನ್ ಮಾಡಿದರು ಅಂತ ಇಟ್ಟುಕೊಳ್ಳೋಣ.

‘ಸಾರ್, ಗುಡ್ಡಕ್ಕೆ ಬೆಂಕಿ ಬಿದ್ದೈತೆ.’

‘ಯಾವ ಸರ್ವೆ ನಂಬರ್?’

‘ನಂಬರ್ ಗೊತ್ತಿಲ್ಲ ಸಾರ್. ನಮ್ಮ ಬಣವೆ ಕಡೆ ಬರ್ತಾ ಐತೆ.’

‘ಬಣವೆ ನಮಗೆ ಬರಲ್ಲಪ್ಪ, ಅದು ಕಂದಾಯದವರದು. ಬೆಂಕಿ ಈಗ ಗಡಿ ಕಲ್ಲಿನ ಈ ಕಡೆ ಇದೆಯೋ ಆ ಕಡೆ ಇದೆಯೋ?’

‘ಕಲ್ಲಿನ ಮೇಲೇ ಐತೆ ಸಾರ್.’

‘ಹಾಗಾದ್ರೆ ಜಂಟಿ ಸರ್ವೆ ಆಗ್ಬೇಕು.’

ಜಂಟಿ ಸರ್ವೆಗೆ ಎರಡೂ ಇಲಾಖೆಯವರು ಬರಬೇಕು. ಸರ್ವೆಯರ್ ಪೋಡಿ ಕೆಲಸದಲ್ಲಿ, ಅಂದರೆ ಯಾರದೋ ಜಮೀನು ಅಳೆದು ಭಾಗ ಮಾಡುವುದರಲ್ಲಿದ್ದಾರೆ. ಅಲ್ಲಿಯ ತನಕ ಬೆಂಕಿ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಕಾಯಬೇಕು. ಪಹಣಿ, ಆಧಾರ್, ಎರಡು ಪಾಸ್‌ಪೋರ್ಟ್ ಸೈಜ್ ಫೋಟೊ ತಂದಿದ್ದರೆ ಒಳ್ಳೆಯದು. ಅಪ್ಪಿತಪ್ಪಿ ಜಗಳೂರಿನ ಕಡೆ ದಾಟಿಬಿಟ್ಟರೆ ಮುಗಿಯಿತು, ಅದು ದಾವಣಗೆರೆ ಜಿಲ್ಲೆ. ಅಲ್ಲಿ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮವಿದೆ. ಕೊಂಡುಕುರಿಗೆ ನಾಲ್ಕು ಕೊಂಬು ಕೊಟ್ಟ ದೇವರು ಜಿಲ್ಲಾ ಗಡಿಯ ನಕ್ಷೆ ಕೊಡುವುದನ್ನು ಮರೆತಿದ್ದಾನೆ.

ವಿಚಿತ್ರ ಏನೆಂದರೆ ಕಾನೂನು ಇಷ್ಟು ಗೊಂದಲದಲ್ಲಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರತಿ ಜಿಲ್ಲೆಗೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಒಂದು ಪ್ರಾಧಿಕಾರ ಇರಬೇಕು, ಅದಕ್ಕೊಂದು ಯೋಜನೆ ಇರಬೇಕು, ಆ ಯೋಜನೆಯನ್ನು ಪ್ರತಿ ವರ್ಷ ಪರಿಶೀಲಿಸಿ ಪರಿಷ್ಕರಿಸಬೇಕು ಎನ್ನುತ್ತದೆ. ಪರಿಷ್ಕರಣೆ ಎಂದರೆ ಮುಖಪುಟದಲ್ಲಿ ಇಸವಿ ಬದಲಿಸುವುದು ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ, ನಾನು ಹುಡುಕಿದೆ. ಜೋಗಿಮಟ್ಟಿಯ ಬುಡದಲ್ಲೇ ಒಂದು ಊರಿಗೆ ಊರೇ ಇದೆ. ಗಾಳಿ ಊರಿನ ಕಡೆ ತಿರುಗಿದರೆ ಯಾವ ಬೀದಿಯವರು ಎಲ್ಲಿಗೆ ಹೋಗಬೇಕು, ಉಸಿರಾಟದ ತೊಂದರೆ ಇರುವ ಅಜ್ಜಿಯನ್ನು ಯಾರು ಕರೆದೊಯ್ಯಬೇಕು, ಹಟ್ಟಿಯ ದನ ಕುರಿಗಳನ್ನು ಎಲ್ಲಿಗೆ ಹೊಡೆಯಬೇಕು, ಟ್ಯಾಂಕರ್‌ಗೆ ನೀರು ಎಲ್ಲಿ ತುಂಬಿಸಬೇಕು? ತೇರಿನ ದಿನ ಚಪ್ಪಲಿ ಎಲ್ಲಿ ಬಿಡಬೇಕು ಎಂದು ಹೇಳುವ ಬೋರ್ಡ್ ಇರುತ್ತದೆ. ಇದಕ್ಕೆ ಬೋರ್ಡ್ ನೋಡಿದ್ದೀರಾ?

ಬೋರ್ಡ್ ಇಲ್ಲದಿದ್ದರೇನು, ಅಣಕು ಕಾರ್ಯಾಚರಣೆ ಇದೆಯಲ್ಲ. ಕಚೇರಿಯ ಆವರಣದಲ್ಲಿ ಒಂದು ತಗಡಿನ ಟ್ರೇ, ಅದರಲ್ಲಿ ಸ್ವಲ್ಪ ಎಣ್ಣೆ. ಆ ಬೆಂಕಿ ಬಹಳ ಸಂಭಾವಿತ. ಬೆಳಿಗ್ಗೆ 11ಕ್ಕೆ ಬರುತ್ತದೆ, ಮುಖ್ಯ ಅತಿಥಿಗಳು ಬರುವುದು ತಡವಾದರೆ ಕಾಯುತ್ತದೆ, ಫೋಟೊ ಆದ ಕೂಡಲೇ ಆರುತ್ತದೆ. ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುವುದು ಏಪ್ರಿಲ್ 14ರಿಂದ. 1944ರ ಅದೇ ದಿನ ಮುಂಬೈ ಬಂದರಿನ ಸ್ಫೋಟದಲ್ಲಿ ಸತ್ತ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ. ದಿನಾಂಕದ ಬಗ್ಗೆ ತಕರಾರಿಲ್ಲ. ನಮ್ಮ ಕಾಡಿಗೆ ಮುನ್ನೆಚ್ಚರಿಕೆಯ ಭಾಷಣ ಕೂಡ ಅದೇ ವಾರ ಸಿಗುತ್ತದೆ ಅನ್ನುವುದೇ ಸಂಕಟ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಗಾದೆ ಬೇರೆ ಊರಿನವರಿಗೆ ಗಾದೆ, ಏಳು ಸುತ್ತಿನ ಕೋಟೆಯ ಊರಿನವರಾದ ನಮಗೆ ಕಚೇರಿ ಸುತ್ತೋಲೆ.

ನಿಜವಾಗಿ ಬೆಂಕಿ ಆರಿಸುವವರು ಬೇರೆ. ಕಡಿದಾದ ಗುಡ್ಡ ಹತ್ತಲು ಅಗ್ನಿಶಾಮಕ ವಾಹನಕ್ಕೆ ಆಗುವುದಿಲ್ಲ, ಅದು ಕೆಳಗೆ ರಸ್ತೆಯಲ್ಲಿ ನಿಲ್ಲುತ್ತದೆ. ಮೇಲೆ ಹೋಗುವವರು ಗಾರ್ಡ್‌ಗಳು, ಬೇಸಿಗೆಗೆ ಮಾತ್ರ ದಿನಗೂಲಿಗೆ ತೆಗೆದುಕೊಂಡ ವಾಚರ್‌ಗಳು. ಕೈಯಲ್ಲಿ ಹಸಿ ಸೊಪ್ಪಿನ ಟೊಂಗೆ. ಅದರಲ್ಲಿ ಬಡಿದು ಬಡಿದು ಆರಿಸುತ್ತಾರೆ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹೀಗೆ ಬಡಿಯಲು ಹೋದ ಅರಣ್ಯ ರಕ್ಷಕರೊಬ್ಬರು ಬೆಂಕಿಯಲ್ಲೇ ತೀರಿಕೊಂಡರು. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಡೆ ಇನ್ನೊಬ್ಬರು. 2019ರಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಹೊತ್ತಿಕೊಂಡಾಗ ವಾಯುಪಡೆಯ ಹೆಲಿಕಾಪ್ಟರ್ ಬಂದು ನೀರು ಸುರಿಯಿತು. ಅದೂ ಫೆಬ್ರವರಿಯೇ. ಮೂರು ಸಲವೂ ಅದೇ ತಿಂಗಳು ಅಂದಮೇಲೆ ಇಷ್ಟು ಹೊತ್ತಿಗೆ ಯಾರಿಗಾದರೂ ಅನುಮಾನ ಬರಬೇಕಿತ್ತು, ಅಲ್ವಾ?

ಆದರೆ ಅನುಮಾನ ಯಾವಾಗಲೂ ಒಬ್ಬರ ಮೇಲೇ: ಕಿಡಿಗೇಡಿಗಳು. ‘ಕಿಡಿಗೇಡಿಗಳ ಕೃತ್ಯ ಎಂದು ಶಂಕಿಸಲಾಗಿದೆ.’ ಸರ್ಕಾರಗಳು ಬಂದವು, ಹೋದವು, ಸಚಿವರು ಬದಲಾದರು, ಇವರ ಹುದ್ದೆ ಮಾತ್ರ ಕಾಯಂ. ವರ್ಗಾವಣೆ ಇಲ್ಲ, ನಿವೃತ್ತಿ ಇಲ್ಲ. ಕಾಡಿನ ಬೆಂಕಿಯಲ್ಲಿ ಬಹುಪಾಲು ಮನುಷ್ಯರಿಂದಲೇ ಆಗುವುದು ಎಂಬುದು ಸುಳ್ಳಲ್ಲ. ಮೊದಲ ಮಳೆಗೆ ಎಳೆ ಹುಲ್ಲು ಬರಲಿ ಎಂದು ಕಡ್ಡಿ ಗೀರುವವರಿದ್ದಾರೆ, ಬೀಡಿ ಎಸೆಯುವವರಿದ್ದಾರೆ, ಗುಡ್ಡದ ಮೇಲೆ ಪಾರ್ಟಿ ಮಾಡಿ ಒಲೆ ಆರಿಸದೆ ಬರುವ ನಮ್ಮ ಪೇಟೆಯ ಹುಡುಗರೂ ಇದ್ದಾರೆ. 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಮೀಸಲು ಅರಣ್ಯಕ್ಕೆ ಬೆಂಕಿ ಹಚ್ಚುವುದು ಅಪರಾಧ. ಸಿಕ್ಕಿಬೀಳುವುದು ಮಾತ್ರ ಹೆಚ್ಚಾಗಿ ಕುರಿ ಕಾಯುವವನು, ಯಾಕೆಂದರೆ ಅವನು ಓಡಿಹೋದರೂ ಕುರಿಗಳು ಅಲ್ಲೇ ಇರುತ್ತವೆ.

ನಾವೂ ಕಡಿಮೆ ಇಲ್ಲ. ರಾತ್ರಿ ಗುಡ್ಡದ ಮೇಲೆ ಬೆಂಕಿ ಸಾಲಾಗಿ ಹರಿದರೆ ಮಾಳಿಗೆ ಹತ್ತಿ, ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುತ್ತಾ ವಿಡಿಯೊ ಮಾಡಿ ಸ್ಟೇಟಸ್‌ಗೆ ಹಾಕುತ್ತೇವೆ. ಆಮೇಲೆ ಸುಟ್ಟ ಕಾಡಿನಿಂದ ಕರಡಿ ಊರಿಗೆ ಇಳಿದರೆ ಕರಡಿಯದೇ ತಪ್ಪು. ಅದಕ್ಕೆ ಬೋನು ಮಾತ್ರ ಬಹಳ ಬೇಗ ಬರುತ್ತದೆ, ಜಂಟಿ ಸರ್ವೆ ಕೇಳುವುದಿಲ್ಲ.

ಜುಲೈ ಬಂದರೆ ವನಮಹೋತ್ಸವ. ಅದಕ್ಕೊಂದು ಆಹ್ವಾನ ಪತ್ರಿಕೆ. ಘನ ಉಪಸ್ಥಿತಿ, ಉದ್ಘಾಟನೆ, ಅಧ್ಯಕ್ಷತೆ, ವಿಶೇಷ ಆಹ್ವಾನಿತರು, ಎರಡು ಪುಟ ತುಂಬ ಹೆಸರು. ಗಿಡ ಐದು, ಹೆಸರು ಐವತ್ತು. ಒಂದು ಹೆಸರು ಬಿಟ್ಟರೆ ಶಿಷ್ಟಾಚಾರ ಉಲ್ಲಂಘನೆ ಎಂದು ವೇದಿಕೆಯಲ್ಲೇ ಗಲಾಟೆ. ನನ್ನದೊಂದು ಸಣ್ಣ ಬೇಡಿಕೆ. ಅಂಥದೇ ಬಣ್ಣದ ಪತ್ರಿಕೆಯೊಂದನ್ನು ಡಿಸೆಂಬರ್‌ನಲ್ಲೂ ಅಚ್ಚು ಹಾಕಿಸಿ ಊರೂರಿಗೆ ಹಂಚಲಿ. ಯಾವ ಗುಡ್ಡದ ಬೆಂಕಿ ರೇಖೆ ಯಾರ ಜವಾಬ್ದಾರಿ, ಯಾವ ತಾರೀಕಿಗೆ ಮುಗಿಯುತ್ತದೆ, ವಾಚರ್‌ಗಳ ಕೂಲಿ ಯಾರು ಯಾವಾಗ ಕೊಡುತ್ತಾರೆ, ರಾತ್ರಿ 2 ಗಂಟೆಗೆ ಯಾರು ಫೋನ್ ಎತ್ತುತ್ತಾರೆ, ಎಲ್ಲ ಹೆಸರು, ಹುದ್ದೆ, ಫೋಟೊ ಸಮೇತ ಇರಲಿ. ಗಲಾಟೆ ಆಗಲಿಕ್ಕಿಲ್ಲ ಅಂದುಕೊಳ್ಳಬೇಡಿ. ಪತ್ರಿಕೆ ಹಂಚಿದ ದಿನವೇ ಅವರೆಲ್ಲ ಕಚೇರಿಗೆ ನುಗ್ಗುತ್ತಾರೆ, ‘ನನ್ನ ಹೆಸರು ಹಾಕಲು ನಿಮಗೆ ಯಾರು ಹೇಳಿದ್ದು?’ ಎಂದು ಕೇಳಲು.