ನಂಬರ್ ನೋಡದೆ ನಂಬಬೇಡಿ
'ಹಳೇ ಮಿಲಿಟರಿ ಆಕ್ಷನ್ ಯಾವುದಾದರೂ ಸರಿ, ಹೊಸ ಬ್ಯಾರೆಲ್ ಕೂರಿಸಿದರೆ ಬೇಟೆ ರೈಫಲ್ ರೆಡಿ' ಅಂತ ಹಳೇ ರೈಫಲ್ ಬದಲಿಸುವ ಬಗೆಗಿನ ಲೇಖನದಲ್ಲಿ ಬಂದ ಮಾತು ಸರಿಯಲ್ಲ. (ಆಕ್ಷನ್ ಅಂದರೆ ತೋಟೆ ತುಂಬಿ, ಬಿಗಿದು, ಸಿಡಿಸುವ ಯಂತ್ರಭಾಗ.) ಜರ್ಮನಿಯ ಮೌಸರ್ 98 ರೈಫಲ್ ಆದರೆ ಒಪ್ಪುತ್ತೇನೆ. ತೋಟೆಯ ಹಿಂದೆ ಬಾಗಿಲಿನಂತೆ ಮುಚ್ಚುವ ಬೋಲ್ಟಿನ ಮುಂದೆ ಎರಡು ಲಗ್ (ಬಿಗಿದು ಹಿಡಿಯುವ ಉಬ್ಬು), ಹಿಂದೆ ಸುರಕ್ಷತೆಗೆ ಇನ್ನೊಂದು. ಆದರೆ ಅಮೆರಿಕದ ಸೇನಾ ರೈಫಲ್ ಸ್ಪ್ರಿಂಗ್‌ಫೀಲ್ಡ್ 1903? ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 8,00,000ಕ್ಕಿಂತ ಕಡಿಮೆ ನಂಬರಿನ ರಿಸೀವರ್‌ಗಳಲ್ಲಿ (ಬೋಲ್ಟ್ ಕೂರುವ ಉಕ್ಕಿನ ಚೌಕಟ್ಟು) ಕೆಲವು ಒಡೆದೇ ಹೋಗಿದ್ದವು. ತಯಾರಿಸುವಾಗ ಉಕ್ಕಿನ ಬಿಸಿಯನ್ನು ಕಣ್ಣಂದಾಜಿನಲ್ಲೇ ಅಳೆಯುತ್ತಿದ್ದರು! ಇದರ ಬಗ್ಗೆ ಲೇಖನದಲ್ಲಿ ಒಂದು ಸಾಲು ಬೇಕಿತ್ತು ಅಲ್ವಾ?  ಇನ್ನು ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆಯ .315 ರೈಫಲ್ ಬಗ್ಗೆ ಲೇಖನದಲ್ಲಿ ಮಾತೇ ಇಲ್ಲ. ಅದು ಬ್ರಿಟಿಷ್ ಸೇನೆಯ ಹಳೇ ಲೀ-ಎನ್‌ಫೀಲ್ಡ್ ಆಕ್ಷನ್ನಿನದ್ದು, ಲಗ್ ಇರುವುದು ಹಿಂಭಾಗದಲ್ಲಿ. ಹಾಗಾಗಿ ಜಾಸ್ತಿ ಒತ್ತಡದ ತೋಟೆಗೆ ಅದನ್ನು ಸುಮ್ನೆ ಬದಲಿಸಲು ಹೋಗಬಾರದು.