ಉಳಿದಿರುವ ಸಿಡುಬನ್ನು ಸುಟ್ಟುಬಿಡಬೇಕೇ?

ಪರ: ಸುಟ್ಟುಬಿಡಿ

ನಮ್ಮಜ್ಜಿಯ ತೋಳಿನಲ್ಲಿ ಎರಡು ದುಂಡನೆಯ ಕಲೆಗಳಿದ್ದವು. 'ದೇವಿ ಹಾಕಿದ್ದು' ಅನ್ನುತ್ತಿದ್ದರು. ಸಿಡುಬಿನ ಲಸಿಕೆಗೆ ಅದೇ ಹೆಸರು. ರೋಗದ ಹೆಸರನ್ನಂತೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. 'ಅಮ್ಮ ಬಂದಿದ್ದಾಳೆ', ಅಷ್ಟೆ. ಆ ಅಮ್ಮ ಭೂಮಿ ಬಿಟ್ಟು ಹೋದಳು ಎಂದು ವಿಶ್ವ ಆರೋಗ್ಯ ಸಭೆ 1980ರ ಮೇ 8ರಂದು ಸಾರಿತು. ಆದರೆ ಪೂರ್ತಿ ಹೋಗಿಲ್ಲ. ಅಮೆರಿಕದ ಅಟ್ಲಾಂಟಾ, ರಷ್ಯಾದ ಕೊಲ್ಟ್ಸೊವೊ, ಈ ಎರಡು ಊರುಗಳ ಲ್ಯಾಬ್‌ಗಳಲ್ಲಿ ವೈರಸ್ ಇನ್ನೂ ಫ್ರೀಜರಿನಲ್ಲಿದೆ.

ಇಟ್ಟುಕೊಂಡರೆ ಏನಾಗುತ್ತದೆ? ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನೋಡಿ. ಊರಿನಲ್ಲಿ ಹರಡಿ ಬಂದ ಸಿಡುಬಿನ ಕೊನೆಯ ರೋಗಿ ಸೊಮಾಲಿಯಾದ ಅಲಿ ಮಾವ್ ಮಾಲಿನ್, ಆಸ್ಪತ್ರೆಯ ಅಡುಗೆಯವನು. ಅದು 1977. ಆತ ಬದುಕಿಕೊಂಡ. ಮರುವರ್ಷ ಸತ್ತದ್ದು ಬರ್ಮಿಂಗ್‌ಹ್ಯಾಮಿನ ಜಾನೆಟ್ ಪಾರ್ಕರ್. ಆಕೆ ವೈದ್ಯಕೀಯ ಕಾಲೇಜಿನ ಫೋಟೋಗ್ರಾಫರ್. ಕೆಳಗೆ ಸಿಡುಬಿನ ಲ್ಯಾಬ್, ಮೇಲೆ ಆಕೆಯ ಡಾರ್ಕ್‌ರೂಮ್. ವೈರಸ್ ಹೇಗೆ ಮೇಲೆ ಬಂತು ಅನ್ನೋದು ಇವತ್ತಿಗೂ ಇತ್ಯರ್ಥವಾಗಿಲ್ಲ. ಆಕೆಯ ತಾಯಿಗೂ ಸಿಡುಬು ತಗುಲಿತು. ಲ್ಯಾಬಿನ ಮುಖ್ಯಸ್ಥರು ಆತ್ಮಹತ್ಯೆ ಮಾಡಿಕೊಂಡರು. ಎಲ್ಲಾ ಒಂದು ಕಟ್ಟಡದೊಳಗಿಂದ ಶುರುವಾದದ್ದು.

ಲಸಿಕೆಗಾದರೂ ಬೇಕಲ್ವಾ ಅನ್ನಬಹುದು. ಬೇಡ. ಅದನ್ನು ಮಾಡುವುದು ವ್ಯಾಕ್ಸಿನಿಯಾ ಎಂಬ ಸಿಡುಬಿನ ದಾಯಾದಿ ವೈರಸ್‌ನಿಂದ.

ವಿರೋಧ: ಇರಲಿ ಬಿಡಿ

ನನಗೂ ಸುಡೋದೇ ಸರಿ ಅನ್ನಿಸುತ್ತಿತ್ತು, ಬೆಥೆಸ್ಡಾದ ಸುದ್ದಿ ಓದುವ ತನಕ. 2014ರಲ್ಲಿ ಅಮೆರಿಕದ ಆ ಊರಿನ ಸರ್ಕಾರಿ ಲ್ಯಾಬ್ ಒಂದರ ಸ್ಟೋರ್‌ರೂಮ್ ಖಾಲಿ ಮಾಡುವಾಗ, ರಟ್ಟಿನ ಡಬ್ಬದಲ್ಲಿ ಸಿಡುಬಿನ ಆರು ಸೀಸೆಗಳು ಸಿಕ್ಕವು. 1950ರ ದಶಕದವು. ಎರಡರಲ್ಲಿ ವೈರಸ್ ಇನ್ನೂ ಜೀವಂತವಾಗಿತ್ತು! ಲೆಕ್ಕದಲ್ಲೇ ಇಲ್ಲದ್ದನ್ನು ಸುಡುವವರು ಯಾರು?

ಇನ್ನೊಂದು. ಕೆನಡಾದ ವಿಜ್ಞಾನಿಗಳು ದುಡ್ಡು ಕೊಟ್ಟು ತರಿಸಿದ ಡಿಎನ್‌ಎ ತುಂಡುಗಳನ್ನು ಜೋಡಿಸಿ ಕುದುರೆ ಸಿಡುಬಿನ ವೈರಸ್ಸನ್ನೇ ಕಟ್ಟಿ, 2018ರಲ್ಲಿ ಅದನ್ನು ಪ್ರಕಟಿಸಿದರು. ಸಿಡುಬನ್ನೂ ಹಾಗೇ ಕಟ್ಟಬಹುದು ಅಂತಾದರೆ ಫ್ರೀಜರ್ ಖಾಲಿ ಮಾಡಿ ಏನು ಬಂತು?

ಔಷಧಿಯ ಮಾತೂ ಇದೆ. ಸಿಡುಬಿಗೆಂದು ಮಾಡಿದ ಟೆಕೊವಿರಿಮ್ಯಾಟ್‌ಗೆ ಅಮೆರಿಕ ಒಪ್ಪಿಗೆ ಕೊಟ್ಟದ್ದು ಅದೇ 2018ರಲ್ಲಿ. ರೋಗಿಗಳೇ ಇಲ್ಲವಲ್ಲ, ಕೋತಿ ಮತ್ತು ಮೊಲಗಳಿಗೆ ಸಿಡುಬಿನ ದಾಯಾದಿ ವೈರಸ್‌ಗಳನ್ನು ತಗುಲಿಸಿ ಪರೀಕ್ಷೆ ಮಾಡಿದರು. ಅಸಲಿ ಸಿಡುಬಿನ ಮೇಲೆ ಅದು ಕೆಲಸ ಮಾಡುತ್ತದೆಯೇ ಎಂದು ಲ್ಯಾಬಿನಲ್ಲಿ ನೋಡಲು ಅಸಲಿ ವೈರಸ್ಸೇ ಬೇಕಾಯಿತು.

ನನ್ನ ತೋಳಿನಲ್ಲೂ ಒಂದು ಕಲೆ ಇದೆ. ಚಿಕ್ಕವನಿದ್ದಾಗ ಅಜ್ಜಿಯದ್ದರ ಪಕ್ಕ ಇಟ್ಟು ಎರಡೂ ಒಂದೇ ಅಂದುಕೊಂಡಿದ್ದೆ. ನನ್ನದು ಬಿಸಿಜಿ. ಅದು ಕ್ಷಯಕ್ಕೆ.